ರೊಟ್ಟಿ ತಿಂದಿರಾ ಎಂದು ನಾನು ಕೇಳಲಿಲ್ಲ

ಆ ಫೋನನ್ನು ನಾನು ಮುಂಬಯಿಯ ಸಾಂತಾಕ್ರೂಜ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಮಾಡಿದೆ. ಸೆಂಟರಿನಲ್ಲಿ ಕೂತು, ಪಥ್ಯದ ಹಾಳೆಯನ್ನು ಮುಂದಿಟ್ಟುಕೊಂಡು ಮಾಡಬೇಕಾದ ಫೋನು. ಆದರೆ ಆ ದಿನ ಮಷಿನ್ ಎರಡು ಸಲ ಕೈಕೊಟ್ಟಿತ್ತು. ಕೊನೆಯ ಪೇಷಂಟ್ ಇಳಿದು ಹೋಗುವಷ್ಟರಲ್ಲಿ ಸಂಜೆ ಆರೂವರೆ. ದಾದರಿನಲ್ಲಿ ಇಳಿದು, ಸೇತುವೆ ದಾಟಿ, ಸಯನ್‌ಗೆ ಇನ್ನೊಂದು ಲೋಕಲ್ ಹಿಡಿಯಬೇಕು. ಹಾಳೆ ನನಗೆ ಬಾಯಿಪಾಠ ಎಂದುಕೊಂಡು ಹೊರಟುಬಿಟ್ಟಿದ್ದೆ.

ನಾನು ಪೆಟ್ ಸ್ಕ್ಯಾನ್ ಸೆಂಟರೊಂದರಲ್ಲಿ ಟೆಕ್ನಿಷಿಯನ್. ಸಕ್ಕರೆಯಂಥದೇ ಒಂದು ಔಷಧಕ್ಕೆ ವಿಕಿರಣದ ಗುರುತು ಹಚ್ಚಿ ರಕ್ತನಾಳಕ್ಕೆ ಕೊಡುತ್ತೇವೆ. ದೇಹದ ಯಾವ ಭಾಗ ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುತ್ತದೋ ಆ ಭಾಗ ಪರದೆಯ ಮೇಲೆ ಹೊಳೆಯುತ್ತದೆ. ಬಹುತೇಕ ಎಲ್ಲರೂ ಬರುವುದು ಕ್ಯಾನ್ಸರಿಗಾಗಿ. ಆಗೊಮ್ಮೆ ಈಗೊಮ್ಮೆ ಹೃದಯದ ಉರಿಯೂತದವರು ಬರುತ್ತಾರೆ. ಅವರ ತಯಾರಿ ಕಠಿಣ, ಏಕೆಂದರೆ ಆರೋಗ್ಯವಾಗಿರುವ ಹೃದಯವೂ ಸಕ್ಕರೆ ತಿನ್ನುತ್ತದೆ. ಒಂದು ದಿನ ಪೂರ್ತಿ ಅನ್ನ, ಧಾನ್ಯ, ಬೇಳೆ, ಹಣ್ಣು ಯಾವುದನ್ನೂ ಕೊಡದೆ ಬರೀ ಕೊಬ್ಬು ಕೊಟ್ಟು, ಆಮೇಲೆ ಉಪವಾಸ ಇರಿಸಿದರೆ, ಆರೋಗ್ಯವಾದ ಸ್ನಾಯು ಸಕ್ಕರೆ ಬಿಟ್ಟು ಕೊಬ್ಬಿಗೆ ಹೊಂದಿಕೊಳ್ಳುತ್ತದೆ. ಉರಿಯೂತ ಇರುವ ಜಾಗ ಮಾತ್ರ ಸಕ್ಕರೆ ಬಿಡುವುದಿಲ್ಲ, ಅದೊಂದೇ ಹೊಳೆಯುತ್ತದೆ. ಅದನ್ನು ನೋಡಿ ಡಾಕ್ಟರು ಆ ಒಬ್ಬ ಮನುಷ್ಯನಿಗೆ ಸ್ಟೀರಾಯ್ಡ್ ಎಷ್ಟು ಬೇಕು, ಎಷ್ಟು ಕಡಿಮೆ ಮಾಡಬಹುದು ಎಂದು ನಿರ್ಧರಿಸುತ್ತಾರೆ. ಪಥ್ಯ ಕೆಟ್ಟರೆ ಇಡೀ ಲೆಕ್ಕ ಕೆಟ್ಟಂತೆ.

ಫೋನಿನ ಆ ಕಡೆ ಇದ್ದವರು ಬಿಜಾಪುರದ ಕಡೆಯ ಹೆಂಗಸು, ಐವತ್ತರ ಆಸುಪಾಸು. ಬೊರಿವಲಿಯಲ್ಲಿ, ಕಟ್ಟಡ ಕೆಲಸದವರು ಉಣ್ಣಲು ಬರುವ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಅವರದು. ಒಂದು ದಿನ ಹಂಚಿನ ಮುಂದೆಯೇ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಹೃದಯದ ಬಡಿತ ನಿಂತು ನಿಂತು ಹೋಗುತ್ತಿತ್ತು. ಪೇಸ್‌ಮೇಕರ್ ಹಾಕಿದರು, ಉರಿಯೂತ ಎಂದು ಗೊತ್ತಾಯಿತು, ಸ್ಟೀರಾಯ್ಡ್ ಮಾತ್ರೆ ಶುರುವಾಯಿತು. ಮೊದಲ ಸ್ಕ್ಯಾನ್ ಬೇರೊಂದು ಆಸ್ಪತ್ರೆಯಲ್ಲಿ ಆಗಿತ್ತು. ಆಗ ಅವರು ವಾರ್ಡಿನಲ್ಲೇ ಇದ್ದರು, ಕೊಟ್ಟದ್ದನ್ನು ತಿಂದಿದ್ದರು. ಆರು ತಿಂಗಳಾದ ಮೇಲೆ ಮಾತ್ರೆ ಇಳಿಸಬಹುದೇ ಎಂದು ನೋಡಲು ನಮ್ಮಲ್ಲಿಗೆ ಕಳಿಸಿದ್ದರು.

ಕನ್ನಡದವರು ಬಂದರೆ ಸೆಂಟರಿನಲ್ಲಿ ಎಲ್ಲರೂ ನನ್ನ ಕಡೆ ತಳ್ಳುತ್ತಾರೆ. ನಮ್ಮ ಅಪ್ಪ ಅಮ್ಮ ಮೈಸೂರಿನವರು, ನಾನು ಹುಟ್ಟಿ ಬೆಳೆದದ್ದು ಸಯನ್‌ನಲ್ಲಿ. ಕನ್ನಡ ಮಾತಾಡುವ ಟೆಕ್ನಿಷಿಯನ್ ಎಂಬ ಒಂದು ಸಣ್ಣ ಜಂಬ ನನಗೆ ಇತ್ತು.

"ಸ್ಕ್ಯಾನ್ ನಾಡಿದ್ದು ಅಮ್ಮ. ನಾಳೆ ಬೆಳಿಗ್ಗೆಯಿಂದ ಅನ್ನ ತಿನ್ನಬೇಡಿ. ಚಪಾತಿ ಬೇಡ, ಬ್ರೆಡ್ ಬೇಡ, ಬೇಳೆ ಬೇಡ, ಸಕ್ಕರೆ, ಹಣ್ಣು ಯಾವುದೂ ಬೇಡ. ತುಪ್ಪ, ಬೆಣ್ಣೆ, ಪನೀರ್ ತಿನ್ನಬಹುದು. ಸಂಜೆ ಆರರ ಮೇಲೆ ಬರೀ ನೀರು" ಎಂದೆ. ಮೇಲೆ ಅಂಧೇರಿ ಕಡೆಯ ಗಾಡಿಯ ಘೋಷಣೆ ಮೊಳಗುತ್ತಿತ್ತು.

"ಹೂನ್ರಿ ಅಕ್ಕಾರ, ತಿಳೀತ್ರಿ. ಅನ್ನಾ ಇಲ್ಲ, ಚಪಾತಿ ಇಲ್ಲ. ಬೆಣ್ಣಿ ತಿನ್ನಬೇಕು" ಎಂದರು ಅವರು.

ದಾದರ್ ಕಡೆಯ ಗಾಡಿ ಬಂತು. ನಾನು ಹತ್ತಿದೆ.

ಸ್ಕ್ಯಾನ್ ದಿನ ಅವರು ಒಬ್ಬರೇ ಬಂದರು, ಇಳಕಲ್ ಸೀರೆ ಉಟ್ಟು, ಸೆರಗನ್ನು ತಲೆಯ ಮೇಲೆ ಹೊದ್ದು. ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದೆ, ಸರಿಯಾಗಿತ್ತು. ಔಷಧ ಆ ದಿನ ತಡವಾಗಿ ಬಂದಿತ್ತು. ಸೀಸದ ಡಬ್ಬಿಯಲ್ಲಿ ಬರುವ ಆ ಔಷಧ ಎರಡು ಗಂಟೆ ತುಂಬುವ ಮೊದಲೇ ಅರ್ಧ ಸತ್ತುಹೋಗುತ್ತದೆ. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು. ಫಾರ್ಮಿನಲ್ಲಿ ಹೆಸರು, ತೂಕ, ಸಕ್ಕರೆ, ಔಷಧ ಕೊಟ್ಟ ಸಮಯ ಬರೆದೆ. 'ಪಥ್ಯ ಪಾಲನೆ ಪರಿಶೀಲಿಸಿದೆ' ಎಂಬ ಸಾಲಿನ ಎದುರು ಟಿಕ್ ಹಾಕಿದೆ. ಹಿಂದಿನ ದಿನ ಏನು ತಿಂದಿರಿ ಎಂದು ಕೇಳಿ, ಅವರು ಹೇಳಿದ್ದನ್ನು ಬರೆದು, ಆಮೇಲೆ ಹಾಕಬೇಕಾದ ಟಿಕ್ ಅದು. ಪಥ್ಯ ಹೇಳಿದವಳು ನಾನೇ, ಅದೂ ಕನ್ನಡದಲ್ಲಿ. ಮತ್ತೆ ಕೇಳುವುದೇನು ಎನಿಸಿತು. ಎನಿಸಿತು ಎನ್ನುವುದೂ ಸುಳ್ಳಿರಬಹುದು. ಕೈ ತಾನಾಗಿ ಆಡಿತು, ಅಷ್ಟೆ.

ಒಂದೂವರೆ ಗಂಟೆ ಕತ್ತಲು ಕೋಣೆಯಲ್ಲಿ ಮಲಗಿಸಿ, ಆಮೇಲೆ ಸ್ಕ್ಯಾನಿಗೆ ತೆಗೆದುಕೊಂಡೆ. ಚಿತ್ರ ಒಂದೊಂದೇ ಪದರವಾಗಿ ಮೂಡಿತು. ಹೃದಯದ ಎಡ ಗೋಡೆಯ ತುಂಬ ತೆಳುವಾದ ಬೆಳಕು, ಅಲ್ಲಲ್ಲಿ ದಟ್ಟ. ಎರಡೂ ಭುಜದ ಸ್ನಾಯುಗಳೂ ಸ್ವಲ್ಪ ಹೊಳೆಯುತ್ತಿದ್ದವು. ದಿನವಿಡೀ ರೊಟ್ಟಿ ಬಡಿಯುವ ತೋಳಲ್ಲವೇ ಎಂದುಕೊಂಡೆ. ಹಿಂದಿನ ದಿನ ಕೆಲಸ ಮಾಡಬೇಡಿ ಎಂದು ಹೇಳಿದ್ದೆನೇ ಎಂದು ನೆನಪಿಸಿಕೊಳ್ಳಲು ನೋಡಿದೆ, ನೆನಪಾಗಲಿಲ್ಲ.

ನಮ್ಮ ಡಾಕ್ಟರು, ಸ್ಕ್ಯಾನ್ ಓದಿ ವರದಿ ಬರೆಯುವವರು, ಆ ಚಿತ್ರದ ಮುಂದೆ ಬಹಳ ಹೊತ್ತು ಕೂತರು. ಮರಾಠಿಯವರು, ಮೆಲುಮಾತಿನ ಮನುಷ್ಯ. ಕುರ್ಚಿ ತಿರುಗಿಸಿ ನನ್ನನ್ನು ಕೇಳಿದರು: "ಡಯಟ್ ಬರೋಬರ್ ಹುವಾ ಥಾ ನಾ?"

"ಹಾಂ ಸರ್" ಎಂದೆ.

ಅವರು ಕೇಳಿದ್ದು ಪಥ್ಯ ಸರಿಯಾಗಿ ಆಗಿತ್ತೇ ಎಂದು. ಗೊತ್ತಿಲ್ಲ ಸರ್, ಕೇಳಿ ಬರುತ್ತೇನೆ ಎನ್ನಬಹುದಿತ್ತು. ಆ ತಾಯಿ ಇನ್ನೂ ಹೊರಗಿನ ಬೆಂಚಿನ ಮೇಲೆಯೇ ಕೂತಿದ್ದರು, ಇಪ್ಪತ್ತು ಹೆಜ್ಜೆ ದೂರ.

ಉರಿಯೂತ ಇನ್ನೂ ಇದೆ ಎಂದು ವರದಿ ಹೋಯಿತು. ಅವರ ಹೃದಯದ ಡಾಕ್ಟರು ಮಾತ್ರೆ ಇಳಿಸುವ ಬದಲು ದುಪ್ಪಟ್ಟು ಮಾಡಿದರು.

ಮೂರು ತಿಂಗಳ ನಂತರ ಮರು ಸ್ಕ್ಯಾನಿಗೆ ಬಂದಾಗ ನಾನು ಅವರನ್ನು ಗುರುತು ಹಿಡಿಯಲಿಲ್ಲ. ಮುಖ ಊದಿ ಗುಂಡಗಾಗಿತ್ತು, ಕತ್ತಿನ ಹಿಂದೆ ಗಂಟು ಕಟ್ಟಿದ ಹಾಗೆ ದಪ್ಪ. ಈ ಸಲ ಮಗಳು ಜೊತೆಗಿದ್ದಳು, ಮಾಲ್ ಒಂದರಲ್ಲಿ ಬಟ್ಟೆ ಅಂಗಡಿಯ ಕೆಲಸದವಳು. ತಾಯಿ ಕುರ್ಚಿಯಿಂದ ಏಳುವಾಗ ಅವಳು ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಬೇಕಾಯಿತು.

"ತೊಡ್ಯಾಗ ತ್ರಾಣ ಇಲ್ರಿ ಅಕ್ಕಾರ. ಕೆಳಗ ಕುಂತ್ರ ಏಳಾಕ ಬರಂಗಿಲ್ಲ. ಒಲಿ ಮುಂದ ಕುಂಡ್ರೋದ ಬಿಟ್ಟೇನಿ" ಎಂದರು. ಖಾನಾವಳಿಯಲ್ಲಿ ಅವರ ಜಾಗಕ್ಕೆ ಇನ್ನೊಬ್ಬಳು ಬಂದಿದ್ದಳು.

ಎರಡು ದಿನದ ಹಿಂದೆ ಫೋನ್ ಮಾಡಿದ್ದವಳೂ ನಾನೇ. 'ಹೋದ ಸಲದ ಹಾಗೇ ಪಥ್ಯ ಮಾಡಿ ಅಮ್ಮ' ಎಂದಷ್ಟೇ ಹೇಳಿದ್ದೆ. ಈಗ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇನ್ನೂರರ ಹತ್ತಿರ. ಮೊದಲು ಇಲ್ಲದ ಸಕ್ಕರೆ ಕಾಯಿಲೆಯನ್ನು ಮಾತ್ರೆ ತಂದಿತ್ತು. ಅಷ್ಟೊಂದು ಸಕ್ಕರೆ ಕಂಡದ್ದರಿಂದ ಕೇಳಿದೆ, ಇಲ್ಲದಿದ್ದರೆ ಆ ದಿನವೂ ಕೇಳುತ್ತಿರಲಿಲ್ಲ.

"ನಿನ್ನೆ ಏನೇನು ತಿಂದಿರಿ ಅಮ್ಮ?"

"ಹೋದ ಸಲ ಹ್ಯಾಂಗ ಮಾಡಿದ್ದೆ ಹಂಗ ಮಾಡೇನ್ರಿ. ಅನ್ನಾ ಮುಟ್ಟಿಲ್ಲ, ಚಪಾತಿ ಮುಟ್ಟಿಲ್ಲ. ಮಧ್ಯಾಹ್ನ ಎರಡ ರೊಟ್ಟಿ, ಸಂಜೀಕ ಒಂದ ರೊಟ್ಟಿ. ಮ್ಯಾಲ ನೀವು ಹೇಳಿದಂಗ ಬೆಣ್ಣಿ."

"ರೊಟ್ಟಿ?"

"ಜ್ವಾಳದ ರೊಟ್ಟಿ ರೀ. ಶುಗರ್ ಇದ್ದವ್ರಿಗೆ ಅನ್ನಾ, ಚಪಾತಿ ಬಿಟ್ಟು ರೊಟ್ಟಿ ತಿನ್ರಿ ಅಂತ ಡಾಕ್ಟ್ರಽ ಹೇಳ್ತಾರಲ್ರಿ. ನೀವೂ ಹಂಗಽ ಅಂದಿರಿ ಅಂತ ತಿಳಕೊಂಡೆ."

ನನ್ನ ಕೈಯಲ್ಲಿ ಆಗಲೇ ಸೂಜಿ ಇತ್ತು. ಅದನ್ನು ಟ್ರೇಯಲ್ಲಿ ಇಟ್ಟೆ. ನಮ್ಮ ಹಾಳೆಯಲ್ಲಿ ಅನ್ನ, ಚಪಾತಿ, ಬ್ರೆಡ್ ಇದ್ದವು. ಅದನ್ನು ಬರೆದವರು ಜೋಳದ ಊಟದವರಲ್ಲ. ನಾನು ಅದನ್ನೇ ಪದಕ್ಕೆ ಪದ ಕನ್ನಡ ಮಾಡಿ ಒಪ್ಪಿಸಿದ್ದೆ. ನಮ್ಮ ಮನೆಯಲ್ಲಿ ರೊಟ್ಟಿ ಎಂದರೆ ಭಾನುವಾರದ ಅಕ್ಕಿ ರೊಟ್ಟಿ, ಒಂದು ತಿಂಡಿ. ಅವರಿಗೆ ಅದು ಮೂರು ಹೊತ್ತಿನ ಊಟ ಎಂಬುದು, ಅವರ ಕೆಲಸವೇ ಅದು ಎಂದು ಗೊತ್ತಿದ್ದ ನನಗೆ ಹೊಳೆದಿರಲಿಲ್ಲ.

ಔಷಧ ಬಂದಿತ್ತು, ಬೆಡ್ ಖಾಲಿಯಿತ್ತು. ಚುಚ್ಚಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸಕ್ಕರೆ ಜಾಸ್ತಿ ಇದೆ, ಇವತ್ತು ಬೇಡ ಎಂದಷ್ಟೇ ಹೇಳಿ ವಾಪಸ್ಸು ಕಳಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ. ಎರಡನೆಯದನ್ನು ನಾನು ಬಾಗಿಲವರೆಗೂ ಯೋಚಿಸಿದೆ. ಆಮೇಲೆ ಡಾಕ್ಟರ ಕೋಣೆಗೆ ಹೋಗಿ ರೊಟ್ಟಿಯ ವಿಷಯ ಹೇಳಿದೆ, ಹಿಂದಿನ ಸಲವೂ ಅದೇ ಆಗಿದೆ ಎಂದೆ.

ಅವರು ಹಳೆಯ ಚಿತ್ರ ತೆಗೆದರು. ಎಡ ಗೋಡೆಯ ತುಂಬ ಆ ತೆಳು ಬೆಳಕು. ಭುಜಗಳು. ಪರದೆಯ ಮೇಲೆ ಬೆರಳಿಟ್ಟು, "ಇದು ನನಗೂ ಅನುಮಾನ ಬಂದಿತ್ತು. ಅದಕ್ಕೇ ನಿನ್ನನ್ನು ಕೇಳಿದ್ದು" ಎಂದರು ಹಿಂದಿಯಲ್ಲಿ. ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಹೃದಯದ ಡಾಕ್ಟರಿಗೆ ಕಾಗದ ಬರೆಯಬೇಕಿತ್ತು: ಹಿಂದಿನ ವರದಿ ನಂಬಲು ಬರುವುದಿಲ್ಲ, ಸರಿಯಾದ ಪಥ್ಯದೊಂದಿಗೆ ಮತ್ತೆ ಸ್ಕ್ಯಾನ್ ಆಗಬೇಕು ಎಂದು. ಕಾರಣ ಏನು ಬರೆಯಲಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಪೇಷಂಟ್ ಪಥ್ಯ ಪಾಲಿಸಿಲ್ಲ ಅಂತ ಬರಿ. ಸುಳ್ಳೇನೂ ಅಲ್ಲವಲ್ಲ. ನಿನ್ನ ಹದಿನೇಳು ವರ್ಷದ ಸರ್ವಿಸು ಇದೆ, ಒಂದು ಟಿಕ್‌ಗೆ ಅದು ಹಾಳಾಗುವುದು ಬೇಡ."

ನನ್ನ ಮೇಲಿನ ಕರುಣೆಯಿಂದ ಹೇಳಿದ ಮಾತು. ನಾನು ಹಾಗೇ ಟೈಪ್ ಮಾಡಿದೆ. ಸೆಂಡ್ ಒತ್ತಿದವಳೂ ನಾನೇ.

ಮತ್ತೆ ಸ್ಕ್ಯಾನ್ ಶನಿವಾರ ಎಂದಾಯಿತು. ಈ ಸಲ ತಾಯಿ, ಮಗಳು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ನಿಮ್ಮ ಅಡುಗೆ ಮನೆಯಲ್ಲಿ ಏನೇನಿದೆ ಹೇಳಿ ಎಂದು ಕೇಳಿದೆ. ಜೋಳದ ಹಿಟ್ಟು, ಕಡಲೆ ಹಿಟ್ಟಿನ ಝುಣಕ, ಶೇಂಗಾ ಚಟ್ನಿ, ಮಜ್ಜಿಗೆ, ಉಳ್ಳಾಗಡ್ಡಿ. ಒಂದೊಂದಕ್ಕೂ ಬೇಡ ಎಂದು ಹೇಳುತ್ತ ಹೋದೆ.

"ಮೊಟ್ಟೆ?"

"ತತ್ತಿ ತಿನ್ನಂಗಿಲ್ರಿ ನಾವು."

"ಪನೀರ್?"

"ಅದನ್ನ ಹೊಟೇಲಿನ್ಯಾಗ ನೋಡೇನಷ್ಟ. ತಿಂದಿಲ್ಲ."

ಹಾಗಾದರೆ ಪನೀರ್ ತಿನ್ನಿ ಎಂದು ನಾನು ಹೋದ ಸಲ ಹೇಳಿದ್ದು ಯಾರಿಗೆ? ಮಗಳು ಪನೀರ್ ತಂದು ತುಪ್ಪದಲ್ಲಿ ಹುರಿದು, ಉಪ್ಪು, ಮೆಣಸಿನ ಪುಡಿ ಹಾಕಿ ಕೊಡುವುದು, ಶುಕ್ರವಾರ ಬೆಳಿಗ್ಗೆಯೂ ಮಧ್ಯಾಹ್ನವೂ ಅದೊಂದೇ ಊಟ, ಎರಡು ಗಂಟೆಯ ಮೇಲೆ ಶನಿವಾರ ಸ್ಕ್ಯಾನಿನವರೆಗೆ ಬರೀ ನೀರು ಎಂದು ತೀರ್ಮಾನವಾಯಿತು. ಸಕ್ಕರೆ ಕಾಯಿಲೆಗೆ ಹೊಸದಾಗಿ ಶುರುವಾಗಿದ್ದ ಮಾತ್ರೆಯನ್ನು ಉಪವಾಸದಲ್ಲಿ ಹೇಗೆ ತೆಗೆದುಕೊಳ್ಳಬೇಕು ಎಂದು ಅವರ ಡಾಕ್ಟರನ್ನು ಮಗಳಿಂದ ಕೇಳಿಸಿದೆ. ಮಗಳು ಮನೆಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡಿ ನನಗೆ ಮೆಸೇಜ್ ಮಾಡುತ್ತಿದ್ದಳು. ಶುಕ್ರವಾರ ಸಂಜೆ ಒಂದು ಮೆಸೇಜ್ ಬಂತು: 'ಮಮ್ಮಿಗೆ ಬಹುತ್ ಭೂಕ್, ಆದ್ರೆ ಏನೂ ತಿಂದಿಲ್ಲ.'

ಶನಿವಾರ ಸಕ್ಕರೆ ಹಿಡಿತದಲ್ಲಿತ್ತು. ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು ಎಂದು ಕೇಳಿ ಬರೆದೆ, ಮಗಳಿಗೆ ಓದಿ ಹೇಳಿದೆ, ಆಮೇಲೆ ಟಿಕ್ ಹಾಕಿದೆ. ಕೈಗೆ ಸೂಜಿ ಹಾಕುತ್ತಿರುವಾಗ ಅವರು ಮೆಲ್ಲಗೆ ಹೇಳಿದರು:

"ನನ್ನಿಂದ ನಿಮಗ ಭಾಳ ತ್ರಾಸ ಆತ್ರಿ ಅಕ್ಕಾರ. ಹಾರ್ಟಿನ ದೊಡ್ಡ ಡಾಕ್ಟ್ರು ಕರೆಸಿ ಬೈದ್ರು. ಹೇಳಿದ ಮಾತು ಕೇಳಂಗಿಲ್ಲ, ತಿಂದು ಬಂದು ತಿಂದಿಲ್ಲ ಅಂತಿ ಅಂದ್ರು. ಮಗಳ ಮುಂದ ಅಂದ್ರು. ನಂದಽ ತಪ್ಪ್ರಿ. ಸಿಟ್ಟ ಮಾಡ್ಕೋಬ್ಯಾಡ್ರಿ."

ಸೂಜಿಯನ್ನು ಪ್ಲಾಸ್ಟರಿನಿಂದ ಭದ್ರ ಮಾಡಿ, ಔಷಧ ಕೊಟ್ಟೆ. ಔಷಧ ಹೋದ ಮೇಲೆ ಪೇಷಂಟು ಮಾತಾಡಬಾರದು, ಮನಸ್ಸು ಕಲಕಬಾರದು, ಮೈ ಬಿಗಿಹಿಡಿದರೆ ಸ್ನಾಯು ಹೊಳೆಯುತ್ತದೆ. ಅದು ನಿಯಮ. ಆ ನಿಯಮದ ಹಿಂದೆ ನಾನು ಒಂದೂವರೆ ಗಂಟೆ ಅಡಗಿಕೊಂಡೆ. ದೀಪ ಆರಿಸಿ, ಕಂಬಳಿ ಹೊದಿಸಿ, ಬಾಗಿಲೆಳೆದು ಹೊರಗೆ ನಿಂತೆ. ಕ್ಯಾಮೆರಾ ಪರದೆಯಲ್ಲಿ ಅವರು ಅಲ್ಲಾಡದೆ ಮಲಗಿದ್ದು ಕಾಣುತ್ತಿತ್ತು. ಹೇಳಿದ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವವರು ಅವರು. ಮೊದಲ ಸಲವೂ ಹಾಗೇ ಪಾಲಿಸಿದ್ದರು. ನಾನು ಹೇಳಿದ್ದರಲ್ಲಿ ರೊಟ್ಟಿ ಇರಲಿಲ್ಲ.

ಸ್ಕ್ಯಾನ್ ಆಯಿತು. ಹೃದಯದ ಜಾಗ ಈ ಸಲ ಕಪ್ಪಗಿತ್ತು. ಎರಡು ಕೋಣೆಗಳ ನಡುವಿನ ಗೋಡೆಯ ಮೇಲ್ತುದಿಯಲ್ಲಿ ಸಾಸಿವೆಯಷ್ಟು ಬೆಳಕು, ಉಳಿದದ್ದೆಲ್ಲ ಶಾಂತ. ಭುಜವೂ ಕಪ್ಪು.

ಮಗಳು ಹೊರಗೆ ಇಡ್ಲಿ ತರಿಸಿಟ್ಟುಕೊಂಡಿದ್ದಳು. ತಾಯಿ ಎರಡು ತುತ್ತು ತಿನ್ನುವವರೆಗೆ ಕಾದೆ. ಆಮೇಲೆ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು ಹೇಳಿದೆ. ಫೋನನ್ನು ಸ್ಟೇಷನ್ನಿನಲ್ಲಿ ನಿಂತು ಮಾಡಿದ್ದು, ರೊಟ್ಟಿ ಬೇಡ ಎಂದು ಹೇಳದೇ ಇದ್ದದ್ದು, ಬಂದ ದಿನ ಏನು ತಿಂದಿರಿ ಎಂದು ಕೇಳದೆ ಕೇಳಿದ್ದೇನೆ ಎಂದು ಗುರುತು ಹಾಕಿದ್ದು, ಡಾಕ್ಟರು ಕೇಳಿದಾಗ ಹೌದು ಎಂದದ್ದು, ಕಾಗದದಲ್ಲಿ ನಿಮ್ಮ ಮೇಲೆ ಹಾಕಿ ಬರೆದದ್ದು. "ತಪ್ಪು ನಿಮ್ಮದಲ್ಲ ಅಮ್ಮ, ನನ್ನದು" ಎಂದೆ.

ಅವರು ಇಡ್ಲಿಯ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡಿದರು.

"ಕೇಳಿದ್ರ ಹೇಳತಿದ್ದೆನ್ರಿ" ಎಂದರು.

ಅಷ್ಟೇ. ಮಗಳ ಕಣ್ಣು ತುಂಬಿ ಬಂತು. "ನಾನೂ ಬೈದೆ ಮೇಡಂ" ಎಂದಳು. "ಡಾಕ್ಟರ್ ಬೋಲೇ ತೋ ನಿಜಾನೇ ಇರ್ಬೇಕು ಅಂತ ಅನ್ಕೊಂಡೆ. ಘರ್ ಹೋಗಿ ಮಮ್ಮಿಗೆ ನಾನೂ ಝೂಟಿ, ಸುಳ್ಳು ಹೇಳ್ತೀಯ ಅಂದೆ."

ತಾಯಿ ಅವಳ ಮೊಣಕೈ ಹಿಡಿದು ಸುಮ್ಮನಾಗಿಸಿದರು. ನನ್ನ ಕಡೆ ತಿರುಗಿ, "ದೊಡ್ಡ ಡಾಕ್ಟ್ರಿಗೆ ಹೇಳ್ತೀರೇನು ಇದನ್ನ?" ಎಂದರು.

"ಹೇಳ್ತೀನಿ ಅಮ್ಮ."

"ಈಗ ಹೇಳ್ರಿ."

ನಮ್ಮ ಡಾಕ್ಟರ ಕೋಣೆಗೆ ಹೋಗಿ, ಆ ಕಾಗದ ತಿದ್ದಬೇಕು ಸರ್ ಎಂದೆ. ಅವರು ಬೇಡವೆನ್ನಲಿಲ್ಲ. ನಾನು ಬರೆದ ಹೊಸ ವಾಕ್ಯಗಳನ್ನು ಓದಿದರು: ಪಥ್ಯದ ಸೂಚನೆ ಅಪೂರ್ಣವಾಗಿತ್ತು, ಪರಿಶೀಲಿಸದೆ ಪರಿಶೀಲಿಸಿದೆ ಎಂದು ದಾಖಲಿಸಲಾಗಿದೆ, ಪೇಷಂಟಿನ ತಪ್ಪಿಲ್ಲ. 'ದಾಖಲಿಸಲಾಗಿದೆ' ಎಂಬುದನ್ನು ನಾನೇ ಅಳಿಸಿ 'ನಾನು ದಾಖಲಿಸಿದ್ದೇನೆ' ಎಂದು ಮಾಡಿದೆ. ಅವರು ಕೆಳಗೆ ತಮ್ಮದೊಂದು ಸಾಲು ಸೇರಿಸಿದರು, ಅನುಮಾನ ಬಂದರೂ ಪೇಷಂಟನ್ನು ತಾವು ನೇರವಾಗಿ ಕೇಳಲಿಲ್ಲ ಎಂದು. ಇಬ್ಬರೂ ಸಹಿ ಹಾಕಿದೆವು.

ಆಮೇಲೆ ಹೃದಯದ ಡಾಕ್ಟರಿಗೆ ಫೋನ್ ಮಾಡಿ, ತಾಯಿ ಮಗಳ ಎದುರಿಗೇ ಎಲ್ಲ ಹೇಳಿದೆ. ಪೇಷಂಟಿಗೆ ಫೋನ್ ಕೊಡಿ ಎಂದರು ಅವರು. ತಾಯಿ ಸೆರಗು ಸರಿಮಾಡಿಕೊಂಡು ಫೋನ್ ಹಿಡಿದು "ಹೂನ್ರಿ... ಹೂನ್ರಿ... ಆತ್ರಿ ಸಾಹೇಬ್ರ" ಎಂದರು. ಆ ಡಾಕ್ಟರು ಏನೆಂದರೋ ನನಗೆ ತಿಳಿಯಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ.

ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ಮುಖದ ಊತ ಇಳಿಯಿತು, ತೊಡೆಗೆ ಅರ್ಧ ಬಲ ಬಂತು. ಸಕ್ಕರೆ ಕಾಯಿಲೆ ಹೋಗಲಿಲ್ಲ. ಖಾನಾವಳಿಯಲ್ಲಿ ಈಗ ಅವರು ಕುರ್ಚಿಯ ಮೇಲೆ ಕೂತು ಸೊಪ್ಪು ಸೋಸುತ್ತಾರಂತೆ, ಒಲೆ ಇನ್ನೊಬ್ಬಳದು. ನನಗೆ ಮೆಮೊ ಬಂತು, ಆರು ತಿಂಗಳು ನನ್ನ ಫಾರ್ಮುಗಳಿಗೆ ಇನ್ನೊಬ್ಬರ ಸಹಿಯೂ ಬೇಕಾಯಿತು. ಪಥ್ಯದ ಹಾಳೆ ಕನ್ನಡದಲ್ಲೂ ಆಯಿತು.

ನಮ್ಮ ಡಾಕ್ಟರು ಒಮ್ಮೆ ಸಮಾಧಾನ ಹೇಳಿದರು. ಮೊದಲ ಚಿತ್ರದಲ್ಲಿ ನಿಜವಾದ ಉರಿಯೂತವೂ ಇದ್ದಿರಬಹುದು, ದುಪ್ಪಟ್ಟು ಮಾತ್ರೆಯೇ ಅದನ್ನು ಆರಿಸಿರಬಹುದು, ಯಾರಿಗೆ ಗೊತ್ತು ಎಂದು. ಅದು ಸರಿ. ಯಾರಿಗೂ ಗೊತ್ತಿಲ್ಲ. ಗೊತ್ತಾಗಬಹುದಾಗಿದ್ದ ದಿನ ಒಂದೇ, ಆ ದಿನ ನಾನು ಕೇಳಲಿಲ್ಲ. ಆ ಮಾತಿನಿಂದ ಸಮಾಧಾನ ಮಾಡಿಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ.

ಮುಂದಿನ ಸ್ಕ್ಯಾನಿನ ಸಮಯ ಬಂದಾಗ ಮತ್ತೆ ನಾನೇ ಫೋನ್ ಮಾಡಿದೆ, ಸೆಂಟರಿನಲ್ಲಿ ಕೂತು, ಹಾಳೆ ಮುಂದಿಟ್ಟುಕೊಂಡು. ತೆಗೆದುಕೊಂಡವಳು ಮಗಳು.

"ಏಕ್ ಏಕ್ ಕರ್‌ಕೆ ಹೇಳಿ ಮೇಡಂ, ನಾನ್ ಬರ್ಕೊಳ್ತೀನಿ" ಎಂದಳು.

ಒಂದೊಂದೇ ಹೇಳಿದೆ. ಅವಳು ಬರೆದುಕೊಂಡು ಪ್ರತಿಯೊಂದನ್ನೂ ನನಗೆ ತಿರುಗಿ ಒಪ್ಪಿಸಿದಳು. ಬಿಟ್ಟುಹೋದದ್ದು ಯಾವುದೂ ಇಲ್ಲವಲ್ಲ ಎಂದು ಎರಡು ಸಲ ಕೇಳಿದಳು. ಇಲ್ಲ ಎಂದೆ.

"ಯಾರು ಹೇಳಿದ್ದು ಅಂತಾನೂ ಬರೀಬೇಕು. ನಿಮ್ಮ ನಾಮ್?"

ಹೆಸರು ಹೇಳಿದೆ.

"ಸ್ಪೆಲಿಂಗ್?"

ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಆ ಕಡೆ ಪೆನ್ನು ಕಾಗದದ ಮೇಲೆ ಆಡುವ ಸದ್ದು ಕೇಳುತ್ತಿತ್ತು. ಬರೆದು ಮುಗಿಸಿ, ಅದನ್ನೂ ನನಗೆ ಓದಿ ತೋರಿಸಿ, ಸರಿ ಇದೆಯಾ ಎಂದಳು.

ಸರಿ ಇದೆ ಎಂದೆ.